ಒಂದು ಕೈಯಲ್ಲಿ ಎತ್ತುವ ವೆಲ್ಡಿಂಗ್ ಮೆಷಿನ್, ಜಮಖಂಡಿ ಮತ್ತು ಜಾಲಹಳ್ಳಿ

2019ರ ನವೆಂಬರ್ 24, ಭಾನುವಾರ, ಹುಳಿಮಾವು ಕೆರೆಯ ಏರಿ ಒಡೆಯಿತಲ್ಲ, ಅವತ್ತು ನಮ್ಮ ಹಿತ್ತಲ ಶೆಡ್ಡಿಗೂ ನೀರು ಬಂತು. ಡ್ರಿಲ್ಲು, ಗ್ರೈಂಡರು, ಸ್ಪ್ಯಾನರ್ ಡಬ್ಬಿ ಎಲ್ಲ ಓಡಿ ಓಡಿ ಅಟ್ಟ ಸೇರಿದವು. ಅಪ್ಪನ ಕಾಲದ ವೆಲ್ಡಿಂಗ್ ಸೆಟ್ ಮಾತ್ರ ಇದ್ದಲ್ಲೇ ಉಳಿಯಿತು. ಇಬ್ಬರು ಹಿಡಿದರೂ ಅಲ್ಲಾಡದ ಕಬ್ಬಿಣದ ಪೆಟ್ಟಿಗೆ ಅದು. ಆಮೇಲೆ ಎಷ್ಟು ಒಣಗಿಸಿದರೂ ಅದರ ಸುರುಳಿ ಮೊದಲಿನಂತಾಗಲಿಲ್ಲ.

ಈಗ ನನಗೊಂದು ಟಿಗ್ ಮೆಷಿನ್ ಬೇಕು. ಒಂದೆರಡು ಮಿಲಿಮೀಟರ್ ದಪ್ಪದ ಸ್ಟೀಲ್ ಹಾಳೆಗೆ ರಾಡ್ ವೆಲ್ಡಿಂಗ್ ಮಾಡಲು ಹೋದರೆ ಬೆಸುಗೆಗಿಂತ ತೂತುಗಳೇ ಜಾಸ್ತಿ :) ಎಸ್.ಪಿ. ರೋಡಿನ ಅಂಗಡಿಯಾತ ಕೈಗೆ ಕೊಟ್ಟ ಮೆಷಿನ್ ಒಂದೇ ಕೈಯಲ್ಲಿ ಎದ್ದು ಬಂತು. 'ಒಳಗೆ ಏನೂ ಇಲ್ವಾ?' ಅಂದೆ. 'ಐಜಿಬಿಟಿ ಸಾರ್' ಅಂದ, ಮನೆದೇವರ ಹೆಸರು ಹೇಳಿದ ಹಾಗೆ. ಕೊಳ್ಳದೆ ಮನೆಗೆ ಬಂದು ಇದರ ಜಾತಕ ಹುಡುಕುತ್ತಾ ಕೂತೆ. ಹುಡುಕಿದಷ್ಟೂ ನಮ್ಮ ಕಡೆಯ ಊರುಗಳೇ ಸಿಕ್ಕವು!

ಟಿಗ್ ಅಂದರೆ ಟಂಗ್‌ಸ್ಟನ್ ಇನರ್ಟ್ ಗ್ಯಾಸ್. 3,422 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕರಗದ ಟಂಗ್‌ಸ್ಟನ್ ಮುಳ್ಳಿನ ತುದಿಯಿಂದ ವಿದ್ಯುತ್ ಕಿಡಿ. ಕರಗಿದ ಲೋಹಕ್ಕೆ ಗಾಳಿ ಸೋಕದಂತೆ ಸುತ್ತಲೂ ಯಾವುದರ ಜೊತೆಗೂ ಬೆರೆಯದ ಅನಿಲ. ಇದು ಹುಟ್ಟಿದ್ದು ವಿಮಾನಕ್ಕಾಗಿ. ಅಮೆರಿಕದ ನಾರ್ಥ್ರಾಪ್ ಕಂಪನಿಗೆ ಮೆಗ್ನೀಷಿಯಂ ವಿಮಾನ ಕಟ್ಟುವ ಹುಚ್ಚು. ಆದರೆ ಮೆಗ್ನೀಷಿಯಂ ಬಿಸಿಯಾಗಿ ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತೆ. ಅಲ್ಲಿನ ರಸೆಲ್ ಮೆರೆಡಿತ್ ಹೀಲಿಯಂ ಹಾಯಿಸಿ ಬೆಸುಗೆ ಹಾಕುವ ದಾರಿ ಕಂಡುಕೊಂಡ. 1942ರಲ್ಲಿ ಪೇಟೆಂಟ್ ಬಂತು, 'ಹೀಲಿಯಾರ್ಕ್' ಎಂಬ ಹೆಸರೂ ಅಂಟಿತು.

ಅಂದ ಹಾಗೆ ಈ ಹೀಲಿಯಂನ ಮೊದಲ ಸುಳಿವು ಸಿಕ್ಕ ಜಾಗಗಳಲ್ಲಿ ನಮ್ಮ ಜಮಖಂಡಿಯೂ ಒಂದು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ದೂರದರ್ಶಕ ಹೂಡಿದ್ದ. ಸೂರ್ಯನ ಅಂಚಿನ ಜ್ವಾಲೆಯ ಬೆಳಕಿನಲ್ಲಿ ಕಿತ್ತಳೆ ಬಣ್ಣದ ಗೆರೆಯೊಂದನ್ನು ಕಂಡ. ಆಗ ಅದನ್ನು ಸೋಡಿಯಂನದೆಂದೇ ಎಣಿಸಿದರು. ಅದು ಭೂಮಿಯ ಮೇಲೆ ಅದುವರೆಗೆ ಯಾರೂ ಕಾಣದ ವಸ್ತುವಿನ ಗೆರೆ ಎಂಬುದು ನಂತರ ಗೊತ್ತಾಯಿತು.

ಆದರೆ ಹೀಲಿಯಂ ಎಲ್ಲ ಕಡೆ ಸಿಗಲ್ಲ, ಸಿಕ್ಕರೂ ದುಬಾರಿ. ನನ್ನಂಥವರ ಶೆಡ್ಡಿಗೆ ಟಿಗ್ ಬರುವಂತಾಗಿದ್ದು ಆರ್ಗಾನ್‌ನಿಂದ. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ 0.93 ಭಾಗ ಇದೆ. ಮಹಾಯುದ್ಧದ ನಂತರ ಉಕ್ಕಿನ ಕಾರ್ಖಾನೆಗಳು ಕುಲುಮೆಗೆ ಆಮ್ಲಜನಕ ಊದತೊಡಗಿದವು (1952, ಆಸ್ಟ್ರಿಯಾದ ಲಿಂಜ್). ಗಾಳಿಯನ್ನು ದ್ರವ ಮಾಡಿ ಆಮ್ಲಜನಕ ತೆಗೆಯುವಾಗ ಆರ್ಗಾನ್ ಜೊತೆಗೇ ಸಿಗುತ್ತೆ, ಮಜ್ಜಿಗೆ ಕಡೆದರೆ ಬೆಣ್ಣೆ ಸಿಕ್ಕ ಹಾಗೆ. ನಾವು ಕೊಳ್ಳುವ ಆರ್ಗಾನ್ ಸಿಲಿಂಡರಿನ ಹಿಂದೆ ಹೀಗೆ ಉಕ್ಕಿನ ಕಥೆಯೂ ಇದೆ.

ಅನಿಲ ಅಗ್ಗವಾಯಿತು, ಸರಿ. ಮೆಷಿನ್ ಮಾತ್ರ ಎಮ್ಮೆಯಷ್ಟು ಭಾರವಾಗಿಯೇ ಉಳಿದಿತ್ತು. ಮನೆಯ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತೆ. ಅಷ್ಟು ನಿಧಾನದ ಕರೆಂಟಿಗೆ ಟ್ರಾನ್ಸ್‌ಫಾರ್ಮರಿನಲ್ಲಿ ಕಬ್ಬಿಣ ತುಂಬಾ ಬೇಕು. ಅದನ್ನೇ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕೊಟ್ಟರೆ ಅಂಗೈಯಗಲದ ಟ್ರಾನ್ಸ್‌ಫಾರ್ಮರ್ ಸಾಕು. ಫಿನ್‌ಲೆಂಡಿನ ಕೆಂಪ್ಪಿ ಕಂಪನಿ 1977ರಲ್ಲೇ ಇಂಥ ಇನ್ವರ್ಟರ್ ಮೆಷಿನ್ ತಂದಿತ್ತು. ಆದರೆ ಅಷ್ಟು ಕರೆಂಟನ್ನು ಅಷ್ಟು ಬೇಗ ಹಾಕಿ ತೆಗೆಯುವ, ಸುಟ್ಟುಹೋಗದ, ಅಗ್ಗದ ಸ್ವಿಚ್ ಬೇಕಿತ್ತಲ್ಲ?

ಅಲ್ಲಿಗೆ ಬಂದವರು ಬಿ. ಜಯಂತ್ ಬಾಳಿಗಾ. ಬೆಳೆದದ್ದು ಇಲ್ಲೇ ಜಾಲಹಳ್ಳಿಯಲ್ಲಿ, ಶಾಲೆ ಬಿಷಪ್ ಕಾಟನ್. 1969ರಲ್ಲಿ ಮದ್ರಾಸ್ ಐಐಟಿ ಮುಗಿಸಿ ಅಮೆರಿಕಕ್ಕೆ ಹೋಗಿ, 1974ರಲ್ಲಿ ಜನರಲ್ ಎಲೆಕ್ಟ್ರಿಕ್ ಸೇರಿದರು. ಅಲ್ಲಿ ಮೋಟಾರುಗಳ ವೇಗ ಹತೋಟಿಯಲ್ಲಿಡಲು ಬೇಕಾದ ಸ್ವಿಚ್ಚಿನ ಕೆಲಸ. ಎರಡು ಬಗೆಯ ಟ್ರಾನ್ಸಿಸ್ಟರುಗಳ ಗುಣ ಒಂದರಲ್ಲೇ ಸೇರಿಸಿದ ಐಜಿಬಿಟಿ ಬಗ್ಗೆ 1982ರಲ್ಲಿ ಪ್ರಬಂಧ ಮಂಡಿಸಿದರು, 1983ರಲ್ಲಿ ಅದು ಮಾರುಕಟ್ಟೆಗೂ ಬಂತು. ಪೂರ್ತಿ ಶ್ರೇಯಸ್ಸು ಒಬ್ಬರಿಗೇ ಅನ್ನುವುದು ನ್ಯಾಯವಲ್ಲ. ಆರ್‌ಸಿಎ ಕಂಪನಿಯ ಬೆಕೆ ಮತ್ತು ವೀಟ್ಲಿ ಹೆಸರಲ್ಲೂ 1982ರ ಪೇಟೆಂಟ್ ಇದೆ, ತೋಷಿಬಾದ ನಕಾಗಾವಾ ಅದನ್ನು ಇನ್ನಷ್ಟು ಗಟ್ಟಿ ಮಾಡಿದರು. ಆದರೂ ಕಾಗದದ ಮೇಲಿದ್ದುದನ್ನು ಕೈಗೆ ಸಿಗುವ ವಸ್ತು ಮಾಡಿದ್ದರಲ್ಲಿ ಬಾಳಿಗರ ಪಾಲು ದೊಡ್ಡದು. 2024ರಲ್ಲಿ ಅವರಿಗೆ ಫಿನ್‌ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು. ನಮ್ಮ ಬೀದಿಯ ಗ್ರಿಲ್ ಅಂಗಡಿಯ ಹುಡುಗನಿಗೆ ಈ ಹೆಸರು ಹೇಳಿದೆ, ಕ್ರಿಕೆಟ್ ಆಡ್ತಾರಾ ಅಂತ ಕೇಳಿದ.

ಇಷ್ಟೆಲ್ಲ ಓದಿದ ಮೇಲೆ ಯಾವ ಮೆಷಿನ್ ಅನ್ನುವುದು ಸುಲಭವಾಯಿತು. ಅಲ್ಯೂಮಿನಿಯಂ ಬೇಕೆಂದರೆ ಎಸಿ ಬೇಕು. ಲೋಹ 660 ಡಿಗ್ರಿಗೇ ಕರಗಿದರೂ ಮೇಲಿನ ಆಕ್ಸೈಡ್ ಪದರ 2,000 ದಾಟಿದರೂ ಜಪ್ಪಯ್ಯ ಅನ್ನಲ್ಲ, ಅದನ್ನು ಒಡೆಯುವುದು ಎಸಿ. ಅದಕ್ಕೆ ಒಳಗೆ ಇನ್ನೊಂದು ಇನ್ವರ್ಟರ್ ಹಂತ ಬೇಕು, ಬೆಲೆ ಹಾರುವುದು ಅಲ್ಲೇ. ನನಗೆ ಸ್ಟೀಲ್ ಸಾಕು, ಡಿಸಿ ಸಾಕು. 200 ಆಂಪಿಯರಿನ ಹೆಮ್ಮೆಯೂ ಬೇಡ. ಒಂದು ಮಿಲಿಮೀಟರಿಗೆ ಸುಮಾರು 40 ಆಂಪಿಯರ್ ಲೆಕ್ಕದಲ್ಲಿ 160ರದ್ದೇ ಧಾರಾಳ. ಕರೆಂಟಿನ ಭಯವೂ ಕಡಿಮೆಯಾಯಿತು. 100 ಆಂಪಿಯರಿನಲ್ಲಿ ರಾಡ್ ವೆಲ್ಡಿಂಗ್ ಕಿಡಿಗೆ ಸುಮಾರು 24 ವೋಲ್ಟ್, ಟಿಗ್‌ಗೆ 14. ಅಂದರೆ 2,400 ವ್ಯಾಟಿನ ಜಾಗದಲ್ಲಿ 1,400. ಮೆಷಿನ್ ಒಳಗಿನ ನಷ್ಟ ಸೇರಿಸಿದರೂ ಮೂರು ಕಿಲೋವ್ಯಾಟಿನ ನಮ್ಮ ಮನೆ ತಡೆದುಕೊಳ್ಳುತ್ತೆ. ಹೈ ಫ್ರೀಕ್ವೆನ್ಸಿ ಸ್ಟಾರ್ಟ್ ಇದ್ದದ್ದಕ್ಕೆ ಸ್ವಲ್ಪ ಜಾಸ್ತಿ ಕೊಡಲು ಮನಸ್ಸು ಮಾಡಿದ್ದೇನೆ, ಟಂಗ್‌ಸ್ಟನ್ ತುದಿ ಪದೇ ಪದೇ ಲೋಹಕ್ಕೆ ಮುಟ್ಟಿಸಿ ಮಸೆಯುತ್ತಾ ಕೂರುವ ತಾಳ್ಮೆ ನನಗಿಲ್ಲ. ದುಡ್ಡು ಉಳಿದರೆ ಅದು ಗ್ಯಾಸಿಗೆ.

ಶೆಡ್ಡಿನಲ್ಲಿ ಅವತ್ತಿನ ನೀರಿನ ಗುರುತು ಗೋಡೆ ಮೇಲೆ ಇನ್ನೂ ಇದೆ. ಅದರಿಂದ ಎರಡಡಿ ಮೇಲೆ ಹಲಗೆ ಹೊಡೆದಾಗಿದೆ, ಮೆಷಿನ್ ಕೂರುವುದು ಅಲ್ಲಿ. ಆರ್ಗಾನ್ ಸಿಲಿಂಡರ್ ಮಾತ್ರ ನೆಲದ ಮೇಲೆ, ಗೋಡೆಗೆ ಸರಪಳಿ ಬಿಗಿದು. ಅದನ್ನೆತ್ತಲು ಈಗಲೂ ಇಬ್ಬರು ಬೇಕು.