ಒಂದು ಹಂಚು, ಒಂದು ಗಡಿಗೆ: ರೋಣ ಸೀಮೆಯ ಸರಳ ಅಡುಗೆಯ ಚರಿತ್ರೆ

ಕ್ರಿ.ಶ. 950ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಆಳಿಕೆಯಲ್ಲಿ, ಗಂಗ ಪೆರ್ಮಾಡಿ ಬೂತುಗನ ರಾಣಿಯಾದ ಪದ್ಮಬ್ಬರಸಿಯು ನರೇಗಲ್ಲಿನಲ್ಲಿ ಒಂದು ಬಸದಿಯನ್ನು ಕಟ್ಟಿಸಿದಳು. ಆ ಬಸದಿಗೆ ಸೇರಿದ ದಾನಸಾಲೆಗೆಂದು ಕೆರೆಯೊಂದನ್ನು ದತ್ತಿಯಾಗಿ ಬಿಟ್ಟ ಸಂಗತಿಯು ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಆಹಾರದಾನವು ಮೊದಲನೆಯದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಆದರೆ ದಾನಶಾಸನಗಳು ನೆಲದ ಅಳತೆಯನ್ನು, ಎಲ್ಲೆಯ ಕಲ್ಲುಗಳನ್ನು, ಪಡೆದ ಆಚಾರ್ಯರ ಗಣ-ಗಚ್ಛಗಳನ್ನು ಎಷ್ಟು ಶ್ರದ್ಧೆಯಿಂದ ಬರೆಯುತ್ತವೆಯೋ, ಗಡಿಗೆಯಲ್ಲಿ ಬೆಂದುದೇನು ಎಂಬುದನ್ನು ಅಷ್ಟು ಶ್ರದ್ಧೆಯಿಂದ ಬರೆಯುವುದಿಲ್ಲ. ನಿತ್ಯದ ಅನ್ನವನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸುವುದಿಲ್ಲ.

ಬರಹಕ್ಕೆ ಬಂದುದು ಬೇರೆಯ ಅಡುಗೆ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರಂ’ ಗ್ರಂಥದಲ್ಲಿ ಪಾಕಕ್ಕೆ ಮೀಸಲಾದ ಭಾಗವಿದೆ. ಹನ್ನೆರಡನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ವು ಅನ್ನಭೋಗವೆಂಬ ಹೆಸರಿನಲ್ಲಿ ಅರಸನ ಪಂಕ್ತಿಯನ್ನು ವರ್ಣಿಸುತ್ತದೆ. ಹದಿನಾರನೆಯ ಶತಮಾನದ ಆರಂಭಕ್ಕೆ ಸೇರಿದ ಜೈನಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಅಡಿಗೆಗಾಗಿಯೇ ಬರೆದ ಷಟ್ಪದಿಯ ಕೃತಿ. ಪಿಷ್ಟಪಾಕ, ಪಾನಕ, ಕಲಮಾನ್ನ, ಶಾಕ ಎಂದು ಪ್ರಕರಣ ಪ್ರಕರಣವಾಗಿ ಮುನ್ನಡೆಯುವ ಈ ಗ್ರಂಥವು ಆದ್ಯಂತ ಸಸ್ಯಾಹಾರದ್ದು. ಬದನೆಯೊಂದನ್ನೇ ಹಿಡಿದು ಅದು ತೋರುವ ಬಗೆಗಳನ್ನು ಕಂಡರೆ ಆಶ್ಚರ್ಯವಾಗುತ್ತದೆ. ಜೀವಹಿಂಸೆಯಿಲ್ಲದೆಯೂ ನಾಲಗೆಗೆ ಕೊರತೆಯಾಗದೆಂದು ಸಾಧಿಸಿ ತೋರಿಸಿದ ಈ ಕೃತಿಯ ಬಗೆಗೆ ನಮಗೆ ಅಭಿಮಾನವಿರುವುದು ಸಹಜ. ಆದರೂ ಅದು ತುಪ್ಪ, ಸಕ್ಕರೆ, ಕರ್ಪೂರ, ಏಲಕ್ಕಿಗಳು ಕೈಗೆಟಕುವಂತಿದ್ದ ಮನೆಯ ಅಡುಗೆ. ಹತ್ತು ಪಾತ್ರೆ, ನಾಲ್ಕು ಒಲೆ, ಇಬ್ಬರು ಬಾಣಸಿಗರು ಇದ್ದಲ್ಲಿ ನಡೆಯುವಂಥದು. ರೋಣ-ಗಜೇಂದ್ರಗಡ ಸೀಮೆಯ ಮುಶಿಗೇರಿಯಂಥ ಊರಿನ ಒಕ್ಕಲಿಗಿತ್ತಿಗೆ ಅದರಿಂದ ಆಗಬೇಕಾದುದೇನೂ ಇರಲಿಲ್ಲ. ಅವಳ ಅಡುಗೆಗೆ ಗ್ರಂಥವಿಲ್ಲ, ಆದರೆ ಶಾಸ್ತ್ರವಿತ್ತು. ಈ ಲೇಖನದ ವಿಷಯ ಆ ಶಾಸ್ತ್ರ.

ಮೊದಲು ನೆಲವನ್ನು ನೋಡಬೇಕು. ಇದು ಎರೆಯ ಸೀಮೆ. ಮಳೆ ಕಡಿಮೆ, ಮರ ಕಡಿಮೆ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ; ಮುಂಗಾರಿಯಲ್ಲಿ ಹೆಸರು; ಜೊತೆಗೆ ಹತ್ತಿ. ಕಾಡಿಲ್ಲದ ನಾಡಿನಲ್ಲಿ ಉರುವಲೇ ದೊಡ್ಡ ಚಿಂತೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಸೆಗಣಿಯ ಕುಳ್ಳು, ಇಷ್ಟೇ ಆಧಾರ. ಆದುದರಿಂದ ಇಲ್ಲಿಯ ಅಡುಗೆಯನ್ನು ರೂಪಿಸಿದ್ದು ರುಚಿಗಿಂತ ಹೆಚ್ಚಾಗಿ ಬೆಂಕಿಯ ಮಿತ ಎಂದರೆ ತಪ್ಪಾಗಲಾರದು.

ಹಳೆಯ ಅಡುಗೆಮನೆಯ ಸಾಮಗ್ರಿಯನ್ನು ಬೆರಳು ಮಡಿಚಿ ಎಣಿಸಬಹುದು. ಮಣ್ಣಿನ ಒಲೆ, ಅದರ ಮಗ್ಗುಲಿಗೆ ಕೋಡೊಲೆ. ಕಬ್ಬಿಣದ ಹಂಚು. ಬೇಳೆ-ಕಾಳು ಬೇಯಿಸಲು ಒಂದು ಗಡಿಗೆ. ಹಿಟ್ಟು ನಾದಿ ರೊಟ್ಟಿ ಬಡಿಯಲು ಕಟ್ಟಿಗೆಯ ಮರಿಗೆ. ಬೀಸುವ ಕಲ್ಲು, ಒರಳು, ರೊಟ್ಟಿಯ ಬುಟ್ಟಿ, ನೀರು ಸೋಸುವ ಬಟ್ಟೆ. ಇಷ್ಟರಲ್ಲಿ ಹತ್ತು ಜನರ ಸಂಸಾರ ಉಣ್ಣುತ್ತಿತ್ತು.

ಈ ಉಪಕರಣಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದನ್ನು ಗಮನಿಸಬೇಕು. ಜೋಳದ ಹಿಟ್ಟಿನಲ್ಲಿ ಗೋದಿಯ ಹಿಟ್ಟಿನಲ್ಲಿರುವ ಜಿಗುಟಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಅದು ಒಡೆದುಹೋಗುತ್ತದೆ. ಅದಕ್ಕಾಗಿ ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು, ಹಿಟ್ಟಿನ ಪಿಷ್ಟವು ಅರೆಬೆಂದು ಅಂಟು ಬರುವಂತೆ ಮಾಡಿ, ಬಿಸಿಯಿರುವಾಗಲೇ ಅಂಗೈಯಿಂದ ನಾದುತ್ತಾರೆ. ಲಟ್ಟಣಿಗೆ ಬೇಕಿಲ್ಲ, ಎಣ್ಣೆ ಬೇಕಿಲ್ಲ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಕಡೆಗೆ ಒಲೆಯ ಬಾಯಿಯ ಕೆಂಡಕ್ಕೆ ಒರಗಿಸಿದರೆ ಅದು ಉಬ್ಬುತ್ತದೆ. ಹಂಚಿನ ಮೇಲೆ ಮುಂದಿನ ರೊಟ್ಟಿ ಬೇಯುತ್ತಿರುವಾಗ ಹಿಂದಿನದು ಕೆಂಡದಲ್ಲಿ, ಅದೇ ಉರಿಯ ಉಳಿಕೆಯು ಕೋಡೊಲೆಯ ಗಡಿಗೆಗೆ. ಒಂದೇ ಬೆಂಕಿ ಮೂರು ಕೆಲಸ ಮಾಡುತ್ತದೆ. ರೊಟ್ಟಿ ಮುಗಿಯುವ ಹೊತ್ತಿಗೆ ಕಾಳೂ ಬೆಂದಿರುತ್ತದೆ. ಉಳಿದ ಕೆಂಡದಲ್ಲಿ ಬದನೆಕಾಯಿ ಸುಡಬಹುದು. ಇನ್ನು ರೊಟ್ಟಿಯನ್ನು ಒಣಗುವಂತೆ ಕಾಸಿ ಕಡಕ್ ಮಾಡಿಟ್ಟರೆ ಅದು ವಾರಗಟ್ಟಲೆ ಕೆಡುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಒಲೆ ಹೊತ್ತಿಸಲು ಬಿಡುವಿಲ್ಲದಾಗ ಅದೇ ಬುತ್ತಿ.

ರೊಟ್ಟಿಯ ಜೊತೆಗೆ ಏನು? ಹೆಸರುಕಾಳಿನ ಅಥವಾ ಮಡಕೆಕಾಳಿನ ಪಲ್ಯ, ಕಡಲೆಹಿಟ್ಟಿನ ಝುಣಕ, ಪುಂಡಿಯ ಸೊಪ್ಪಿನಲ್ಲಿ ಜೋಳದ ನುಚ್ಚನ್ನೋ ಬೇಳೆಯನ್ನೋ ಬೆರೆಸಿ ಕುದಿಸಿದ ಪಲ್ಯ. ಅಗಸೆ, ಗುರೆಳ್ಳು, ಶೇಂಗಾಗಳ ಪುಡಿಚಟ್ನಿ. ಕುಸುಬೆಯ ಎಣ್ಣೆ ಒಂದು ಚಮಚ. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಹಕ್ಕರಿಕೆಯನ್ನು ಹಸಿಯಾಗಿಯೇ ತಿನ್ನುವುದುಂಟು. ಜೈನ ಮನೆಗಳಲ್ಲಿ ಬೆಳ್ಳುಳ್ಳಿ-ಉಳ್ಳಾಗಡ್ಡಿಗಳಿಲ್ಲದೆ ಇದೇ ಅಡುಗೆ ನಡೆಯುತ್ತದೆ. ಹಸಿ ಮೊಸರು-ಮಜ್ಜಿಗೆಗಳೊಡನೆ ದ್ವಿದಳ ಧಾನ್ಯವನ್ನು ಬೆರೆಸಬಾರದೆಂಬ ನಿಯಮವಿರುವುದರಿಂದ ಮಜ್ಜಿಗೆಯು ನುಚ್ಚಿನೊಡನೆ, ಕಾಳು ರೊಟ್ಟಿಯೊಡನೆ, ಹೀಗೆ ಊಟವು ಬೇರೆ ಬೇರೆ ಹೊತ್ತಿಗೆ ಹಂಚಿಕೆಯಾಗುತ್ತದೆ.

ಇದೆಲ್ಲವೂ ಅನಾದಿಯಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ಜೋಳವು ಆಫ್ರಿಕದ ಮೂಲದ್ದು, ಸಾವಿರಾರು ವರ್ಷಗಳ ಹಿಂದೆಯೇ ನಮ್ಮಲ್ಲಿಗೆ ಬಂದು ನೆಲೆಸಿದ್ದು. ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳು ಬಂದ ಮೇಲಿನ ಮಾತು; ಮಂಗರಸನು ಬರೆಯುವಾಗ ಈ ನಾಡಿನ ಖಾರವೆಂದರೆ ಮೆಣಸು, ಹಿಪ್ಪಲಿ, ಶುಂಠಿಗಳೇ. ಶೇಂಗಾ ಕೂಡ ದಕ್ಷಿಣ ಅಮೆರಿಕದಿಂದ ಬಂದ ನೆಂಟ. ಇಂದು ಉತ್ತರ ಕರ್ನಾಟಕದ ಗುರುತೆಂದು ನಾವು ಹೆಮ್ಮೆಪಡುವ ಕೆಂಪು ಚಟ್ನಿ, ಶೇಂಗಾ ಚಟ್ನಿಗಳನ್ನು ಪದ್ಮಬ್ಬರಸಿ ಕಂಡಿರಲಾರಳು. ಬಂದುದನ್ನು ಒಳಗೆ ಕರೆದುಕೊಂಡು, ಬೆಂಕಿಯ ಮತ್ತು ಪಾತ್ರೆಯ ಲೆಕ್ಕವನ್ನು ಮಾತ್ರ ಬದಲಿಸದೆ ಉಳಿದುದು ಈ ಅಡುಗೆಯ ವಿಶೇಷ.

ಹೀಗೆ ಹೇಳುವಾಗ ಒಂದು ಅಪಾಯವಿದೆ. ಸರಳ ಊಟವೆಂದರೆ ಧಾನ್ಯವೊಂದಿದ್ದರೆ ಸಾಕು, ಉಳಿದುದೆಲ್ಲ ನಾಲಗೆಯ ಚಪಲವೆಂದು ಭಾವಿಸುವವರಿದ್ದಾರೆ. ಹೀಗೆ ಭಾವಿಸಿದ ಒಂದು ಸರಕಾರದ ಕಥೆಯನ್ನು ಈ ಸೀಮೆಯು ತನ್ನ ಮೈಮೇಲೆಯೇ ಅನುಭವಿಸಿದೆ.

1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆಗಳು ಕೈಕೊಟ್ಟವು. ಆಗ ರೋಣವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಪೂರ್ವದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ. ಎರಡೂ ಕಡೆ ಬರ ಸಮಾನವಾಗಿ ಎರಗಿತು. 1876-78ರ ಈ ಮಹಾಕ್ಷಾಮದಲ್ಲಿ ದಕ್ಷಿಣ ಭಾರತದಲ್ಲೆಲ್ಲ ಸೇರಿ ಸತ್ತವರು ಐವತ್ತು ಲಕ್ಷಕ್ಕೂ ಮಿಕ್ಕವರೆಂದು ಅಂದಾಜು. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ನನು ಸರ್ ರಿಚರ್ಡ್ ಟೆಂಪಲ್ಲನನ್ನು ಕ್ಷಾಮದ ಪ್ರತಿನಿಧಿಯಾಗಿ ಕಳುಹಿಸಿದನು. ಟೆಂಪಲ್ಲನು 1873-74ರಲ್ಲಿ ಬಿಹಾರದ ಬರದಲ್ಲಿ ಧಾರಾಳವಾಗಿ ಖರ್ಚು ಮಾಡಿ ಜನರನ್ನು ಉಳಿಸಿದ್ದವನು. ಅದಕ್ಕಾಗಿಯೇ ಟೀಕೆಗೆ ಗುರಿಯಾಗಿದ್ದವನು. ಈ ಸಲ ಕೈ ಬಿಗಿಹಿಡಿದನು. ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಗಂಡಾಳಿನ ದಿನದ ಪಡಿಯನ್ನು ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕೂ ಮೇಲೆ ಒಂದಿಷ್ಟು ಚಿಲ್ಲರೆ ಕಾಸಿಗೂ ಇಳಿಸಲಾಯಿತು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಮುಂಬಯಿ ಪ್ರಾಂತದಲ್ಲಿ ಕೂಲಿಕಾರರು ಕೆಲಸ ಬಿಟ್ಟು ನಡೆದರು, ಪುಣೆಯ ಸಾರ್ವಜನಿಕ ಸಭೆ ಪ್ರತಿಭಟಿಸಿತು.

ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾ. ಕಾರ್ನಿಷ್ ಎಂಬವನು ಇದನ್ನು ವಿರೋಧಿಸಿದ ಬಗೆ ನಮ್ಮ ವಿಷಯಕ್ಕೆ ಮುಖ್ಯವಾದುದು. ಧಾನ್ಯವು 680 ಗ್ರಾಂ ಆದರೂ ಇರಬೇಕು, ಮೇಲಾಗಿ ತರಕಾರಿಯೂ ಬೇಳೆಯಂಥ ಪುಷ್ಟಿಯ ಪದಾರ್ಥವೂ ಬೇಕು ಎಂಬುದು ಅವನ ವಾದ. 1877ರ ಮಾರ್ಚಿನಲ್ಲಿ ಮದ್ರಾಸ್ ಸರಕಾರವು ಅರ್ಧ ಮಣಿಯಿತು: ಧಾನ್ಯ 570 ಗ್ರಾಂ, ಬೇಳೆ 43 ಗ್ರಾಂ. ಒಂದು ಹಿಡಿಗೂ ಕಡಿಮೆಯಾದ ಆ ಬೇಳೆಗಾಗಿ ಎಷ್ಟು ಕಾಗದ ಓಡಾಡಿತು! ರೊಟ್ಟಿಯ ಪಕ್ಕದ ಕೋಡೊಲೆಯಲ್ಲಿ ಗಡಿಗೆಯೇಕೆ ಇರುತ್ತದೆಂದು ಎರೆಸೀಮೆಯ ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಕಾರಣವು ತಿಳಿದುದು ಬಹಳ ತಡವಾಗಿ. ಜೋಳದಲ್ಲಿ ದೇಹಕ್ಕೆ ಬೇಕಾದ ಲೈಸೀನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಸಮೃದ್ಧ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 1960ರಲ್ಲಿ ಹೈದರಾಬಾದಿನ ಸಂಶೋಧಕರಾದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಾಂತಿಯಾ ಅವರು, ದಖ್ಖನಿನ ಬಡವರಲ್ಲಿ, ಜೋಳವನ್ನೇ ಮುಖ್ಯವಾಗಿ ನೆಚ್ಚಿಕೊಂಡವರಲ್ಲಿ, ಬಿಸಿಲು ಬೀಳುವ ಚರ್ಮವು ಕಪ್ಪಾಗಿ ಸುಲಿಯುವ ಪೆಲಾಗ್ರ ರೋಗವು ಕಾಣಿಸಿಕೊಳ್ಳುವುದನ್ನು ಗುರುತಿಸಿ, ಜೋಳದಲ್ಲಿ ಅತಿಯಾಗಿರುವ ಲ್ಯೂಸೀನ್ ಅದಕ್ಕೆ ಕಾರಣವಿರಬಹುದೆಂದು ಸೂಚಿಸಿದರು. ಆ ಕಾರಣದ ಬಗೆಗೆ ಮುಂದೆ ಚರ್ಚೆ ನಡೆಯಿತಾದರೂ ನಯಾಸಿನ್ ಎಂಬ ಜೀವಸತ್ವದ ಅಭಾವವೇ ಆ ರೋಗದ ಬೇರೆಂಬುದು ನಿಶ್ಚಿತ. ಶೇಂಗಾದಲ್ಲಿ ಆ ಜೀವಸತ್ವ ಹೇರಳ. ತಡವಾಗಿ ಬಂದ ನೆಂಟನಾದರೂ ಆ ಚಟ್ನಿಯು ತನ್ನ ಉಪಕಾರವನ್ನು ಸಲ್ಲಿಸಿದೆ.

ಇಲ್ಲಿ ಧರ್ಮದ ಮಾತೊಂದು ಬರುತ್ತದೆ. ನಮ್ಮ ಬಾಹ್ಯ ತಪಸ್ಸುಗಳಲ್ಲಿ ಅನಶನದ ಬಳಿಕ ಹೊಟ್ಟೆ ತುಂಬ ಉಣ್ಣದಿರುವ ಅವಮೌದರ್ಯವಿದೆ; ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಕೆಲವನ್ನೋ ಎಲ್ಲವನ್ನೋ ಬಿಡುವ ರಸಪರಿತ್ಯಾಗವಿದೆ. ಬಿಡುವವನಿಗೆ ಮೊದಲು ಇರಬೇಕು. ಕೈಯಲ್ಲಿದ್ದ ಬೆಲ್ಲವನ್ನು ಬಿಟ್ಟ ವ್ರತಿಯನ್ನೂ ಬೆಲ್ಲವನ್ನೇ ಕಾಣದ ಕೂಲಿಯವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ‘ಎಷ್ಟು ಸರಳ ಜೀವನ’ ಎಂದು ಹೊಗಳುವುದು ವಿವೇಕವಲ್ಲ. ಟೆಂಪಲ್ಲನ ಪಡಿಗೂ ರಸಪರಿತ್ಯಾಗಕ್ಕೂ ತಟ್ಟೆಯಲ್ಲಿ ಕಾಣುವ ವ್ಯತ್ಯಾಸ ಅಲ್ಪ. ಕೊಟ್ಟವನ ಮತ್ತು ಉಂಡವನ ಮನಸ್ಸಿನಲ್ಲಿ ಮಾತ್ರ ಅದು ಬೆಟ್ಟದಷ್ಟು.

ಇನ್ನೊಂದನ್ನು ಹೇಳದೆ ಬಿಡಲಾಗದು. ಹಿಟ್ಟಿಗೆ ಮರ್ಯಾದೆಯ ನಿಯಮವಿದೆ: ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನ ಮೀರಿದ ಹಿಟ್ಟು ಸೂಕ್ಷ್ಮಜೀವಿಗಳ ದೃಷ್ಟಿಯಿಂದ ವರ್ಜ್ಯ. ನಿಯಮದ ಹಿಂದಿನ ಕರುಣೆ ನಿಜ, ಅದರ ಆರೋಗ್ಯದ ಲಾಭವೂ ನಿಜ. ಆದರೆ ಗಿರಣಿಯಿಲ್ಲದ ಕಾಲದಲ್ಲಿ ಆ ನಿಯಮವನ್ನು ಪಾಲಿಸಿದ ತೋಳುಗಳು ಯಾರವು? ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಲ್ಲಿನ ಗೂಟ ಹಿಡಿದ ಹೆಂಗಸಿನವು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನದಲ್ಲಿ ಪ್ರಕಟಿಸಿದಂಥ ತ್ರಿಪದಿಗಳು ಆ ಕಲ್ಲಿನ ಸುತ್ತಿಗೆ ಹೊಂದಿಕೊಂಡು ಬೆಳೆದವು. ಅವನ್ನು ನಾವು ಕಾವ್ಯವೆಂದು ಸವಿಯುತ್ತೇವೆ. ಬೀಸಿ, ನಾದಿ, ಬಡಿದು, ಎಲ್ಲರಿಗೂ ಬಡಿಸಿ, ಕಡೆಗೆ ಸೂರ್ಯಾಸ್ತದೊಳಗೆ ತಾನೂ ಉಣ್ಣಬೇಕಾದ ಅವಳ ಪಾಲಿಗೆ ಗಡಿಗೆಯಲ್ಲಿ ಎಷ್ಟು ಕಾಳು ಉಳಿದಿರುತ್ತಿತ್ತು? ಊಟದ ಪುಷ್ಟಿಯು ಧಾನ್ಯ-ಬೇಳೆಗಳ ಕೂಟದಲ್ಲಿದ್ದರೆ, ಬೇಳೆ ತೀರಿದ ಮೇಲೆ ಕುಳಿತವಳಿಗೆ ದಕ್ಕಿದ್ದು ಟೆಂಪಲ್ಲನ ಪಡಿಯೇ. ಹಳೆಯ ಅಡುಗೆಮನೆಯನ್ನು ಕೊಂಡಾಡುವ ನಾವು ಗಂಡಸರು ಇದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ.

ಜೋಳವನ್ನು ಕೂಡಿಡುತ್ತಿದ್ದ ಹಗೇವುಗಳೂ ಹೆಚ್ಚಾಗಿ ಮುಚ್ಚಿಹೋಗಿವೆ. ನೆಲವನ್ನು ಆಳಕ್ಕೆ ತೋಡಿ, ಒಳಗೆ ಜೋಳದ ದಂಟು-ಹುಲ್ಲು ಹಾಸಿ, ಧಾನ್ಯ ತುಂಬಿ ಬಾಯಿ ಮುಚ್ಚಿದರೆ ಬರದ ವರ್ಷಕ್ಕೆ ಅದು ಆಸರೆ. ತೆರೆದ ಕೂಡಲೆ ಇಳಿದವರು ಒಳಗಿನ ಕೆಟ್ಟ ಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಳ್ಳುತ್ತಿದ್ದುದರಿಂದ, ಬಾಯಿ ತೆರೆದು ಕಾಯುವ ಪದ್ಧತಿಯಿತ್ತು. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಆರು ತಿಂಗಳ ಸೆರೆಯಲ್ಲಿಯೂ ಸತ್ವಗೆಡದೆ ನಿಂತು ರಾಗಿಯು ಭತ್ತವನ್ನು ಗೆದ್ದ ಕಥೆಯಿದೆ, ಹಗೇವಿನ ನಾಡಿನವರಿಗೆ ಆ ಪರೀಕ್ಷೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಬಡಮನೆಗಳಿಗೆ ಅಕ್ಕಿ ಸುಲಭವಾಯಿತು. ಹಸಿವು ತಗ್ಗಿಸಿದ ಯೋಜನೆಯನ್ನು ಹಳಿಯುವುದು ಉಂಡವರ ಮಾತಾದೀತು. ಬಡಿದು ಬೇಯಿಸುವ ರೊಟ್ಟಿಗಿಂತ ಕುಕ್ಕರಿನ ಅನ್ನ ಹೆಂಗಸಿನ ತೋಳಿಗೆ ಹಗುರ ಎಂಬುದನ್ನೂ ಒಪ್ಪಬೇಕು. ಜೋಳದ ರೊಟ್ಟಿ ಈಗ ಪೇಟೆಯ ಖಾನಾವಳಿಗಳಲ್ಲಿ ಬೆಲೆಯುಳ್ಳ ವಸ್ತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ಪೊಟ್ಟಣದಲ್ಲಿ ಕಟ್ಟಿದ ಕಡಕ್ ರೊಟ್ಟಿ ಬೆಂಗಳೂರಿನ ಅಂಗಡಿಗಳಲ್ಲಿಯೂ ಸಿಗುತ್ತದೆ. ಮುಶಿಗೇರಿಯ ಕಡೆಯ ಮನೆಗಳಲ್ಲಿ ಗ್ಯಾಸಿನ ಒಲೆಗೆ ಎರಡು ಉರಿ. ಒಂದರ ಮೇಲೆ ಹಂಚು, ಇನ್ನೊಂದರ ಮೇಲೆ ಗಡಿಗೆಯ ಜಾಗದಲ್ಲಿ ಕುಕ್ಕರು. ಕುಕ್ಕರಿನೊಳಗೆ ಅಕ್ಕಿಯ ಜೊತೆಗೆ ಬೇಳೆಯ ಡಬ್ಬಿಯೂ ಇದೆಯೇ ಎಂಬುದನ್ನು, ಅದು ಎಲ್ಲರ ತಟ್ಟೆಗೂ ಮುಟ್ಟುತ್ತದೆಯೇ ಎಂಬುದನ್ನು, ಒಳಗೆ ಹೋಗಿ ನೋಡಬೇಕು.