ಗುಳೇದಗುಡ್ಡದ ಉಪದೇಶಿಗಳು

ಪಟ್ಟದಕಲ್ಲಿಗೆ ಉತ್ತರದಲ್ಲಿ, ಗುಡ್ಡಗಳ ಆಚೆ ಬದಿಗಿರುವ ಗುಳೇದಗುಡ್ಡ ಖಣದ ನೇಯ್ಗೆಗೆ ಹೆಸರಾದ ಊರು. 1851ರಲ್ಲಿ ಬಾಸೆಲ್ ಮಿಷನ್ ಇಲ್ಲಿ ತನ್ನ ಸ್ಟೇಷನ್, ಅಂದರೆ ಮಿಷನರಿಗಳ ನೆಲೆ, ತೆರೆಯಿತು. ಬಾದಾಮಿ ಸೀಮೆಯ ಪ್ರೊಟೆಸ್ಟಂಟ್ ಸಭೆಗಳ ಕಥೆ ಬಹುಮಟ್ಟಿಗೆ ಅಲ್ಲಿಂದಲೇ ಶುರುವಾಗುತ್ತದೆ. ಬರಹಗಳಲ್ಲಿ ಈ ಕಥೆಯ ನಾಯಕರು ಜರ್ಮನ್ ಮತ್ತು ಸ್ವಿಸ್ ಮಿಷನರಿಗಳು. ಸಭೆಯನ್ನು ದಿನವೂ ನಡೆಸಿದವರು ಮಾತ್ರ ಉಪದೇಶಿಗಳು, ಶಾಲಾ ಮಾಸ್ತರರು, ಸಭಾಹಿರಿಯರು. ಕೆಲಸ ಇವರ ಕೈಗೆ ಮೊದಲೇ ಬಂದಿತ್ತು. ಅಧಿಕಾರ ಬರಲು ನೂರು ವರ್ಷ ಹಿಡಿಯಿತು.

ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಬ್ರಿಟಿಷರಲ್ಲದ ಮಿಷನರಿಗಳಿಗೂ 1833ರ ಚಾರ್ಟರ್ ಕಾಯ್ದೆ ಭಾರತದ ಬಾಗಿಲು ತೆರೆದ ಮೇಲೆ, 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಘಟ್ಟದ ಮೇಲಿನ ಕೆಲಸ 1837ರಲ್ಲಿ ಧಾರವಾಡದಿಂದ ಮೊದಲಾಗಿ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಹಬ್ಬಿತು. ಬೆಟಗೇರಿಯ ಬಳಿ ಮಲ್ಲಸಮುದ್ರದಲ್ಲಿ ಕಾಲಜ್ಞಾನ ಪಂಥದವರಿಗಾಗಿ ಒಂದು ನೆಲೆಯನ್ನೂ ಕಟ್ಟಲು ಹೊರಟರು. ಕಾಲಜ್ಞಾನದಲ್ಲಿ, ಅಂದರೆ ಬರಲಿರುವ ಕಾಲದ ಭವಿಷ್ಯವಾಣಿಗಳಲ್ಲಿ, ನಂಬಿಕೆಯಿಟ್ಟವರು ಊರಿಗೆ ಊರೇ ಸಭೆ ಸೇರುತ್ತಾರೆಂದು ಮಿಷನರಿಗಳು ಎಣಿಸಿದ್ದರು. ಹಾಗಾಗಲಿಲ್ಲ. ಒಟ್ಟು ಸಮುದಾಯ ಬಾರದಿದ್ದಾಗ ಉಳಿದದ್ದು ಒಂದೊಂದೇ ಮನೆಯ ಕದ ತಟ್ಟುವ ಕೆಲಸ. ಅದಕ್ಕೆ ಊರ ಭಾಷೆ, ಊರ ನಂಟು ಎರಡೂ ಇದ್ದ ಜನ ಬೇಕಿತ್ತು.

ಉಪದೇಶಿ ಹುಟ್ಟಿಕೊಂಡದ್ದು ಈ ಅಗತ್ಯದಿಂದ. ಮಿಷನರಿ ಇರುವುದು ಸ್ಟೇಷನ್ನಿನಲ್ಲಿ, ಒಬ್ಬರು ಅಥವಾ ಇಬ್ಬರು. ಸುತ್ತಲಿನ ಹಳ್ಳಿಗಳು ಹತ್ತಾರು. ಹಳ್ಳಿಯಲ್ಲಿ ಮನೆ ಮಾಡಿಕೊಂಡು ಮಕ್ಕಳಿಗೆ ಅಕ್ಷರ ಕಲಿಸುವುದು, ಸಂಜೆ ಪ್ರಾರ್ಥನೆ ನಡೆಸುವುದು, ದೀಕ್ಷಾಸ್ನಾನ ಬಯಸಿದವರಿಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದು, ಕಾಯಿಲೆಯವರನ್ನು ನೋಡಿಬರುವುದು, ಸತ್ತವರನ್ನು ಮಣ್ಣುಮಾಡುವುದು, ಜಾತ್ರೆ ಸಂತೆಗಳಲ್ಲಿ ನಿಂತು ಬೋಧಿಸುವುದು, ಇಷ್ಟೂ ಉಪದೇಶಿಯ ಪಾಲಿಗೆ. ಆದರೆ ದೀಕ್ಷಾಸ್ನಾನ ಕೊಡುವುದು, ಕರ್ತನ ಭೋಜನ ನಡೆಸುವುದು ಗುರುದೀಕ್ಷೆ ಪಡೆದವರ ಹಕ್ಕು. ವರ್ಷಗಟ್ಟಲೆ ಒಂದು ಕುಟುಂಬದ ಜೊತೆ ಕುಳಿತು ಕಲಿಸಿದವನು ಆ ಕುಟುಂಬ ಸಭೆಗೆ ಸೇರುವ ದಿನ ಪಕ್ಕಕ್ಕೆ ಸರಿಯಬೇಕು. ನೀರು ಹಾಕಲು ಸ್ಟೇಷನ್ನಿನಿಂದ ಮಿಷನರಿ ಬರಬೇಕು. ಮಾಡಿದ ಕೆಲಸದ ವರದಿಯನ್ನು ಅವರಿಗೇ ಒಪ್ಪಿಸಬೇಕು, ಸಂಬಳವನ್ನೂ ಅವರಿಂದಲೇ ಪಡೆಯಬೇಕು.

ಉಪದೇಶಿಗಳ ತರಬೇತಿಗೆ ತಳಹದಿ ಹಾಕಿದವರು 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್. ಕನ್ನಡಿಗರು ಅವರನ್ನು ನೆನೆಯುವುದು 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಗಾಗಿ. ಅದಕ್ಕಿಂತ ದೊಡ್ಡ ಪ್ರಯೋಗವೊಂದು ಅವರ ಮನೆಯೊಳಗೇ ನಡೆದಿತ್ತು: ವಿದ್ಯಾರ್ಥಿಗಳ ಜೊತೆ ಒಂದೇ ಸೂರಿನಡಿ ಇದ್ದು, ಅವರಂತೆ ಸರಳವಾಗಿ ಬದುಕಿ, ಅವರನ್ನು ಸಮಾನರಾಗಿ ಬೆಳೆಸುವುದು. 1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಸೆಮಿನರಿ ಶುರುವಾಯಿತು. ಧಾರವಾಡ, ಬೆಟಗೇರಿ, ಗುಳೇದಗುಡ್ಡದ ಹುಡುಗರೂ ಮುಂದೆ ಘಟ್ಟ ಇಳಿದು ಅಲ್ಲಿಗೇ ಹೋಗಬೇಕಾಯಿತು. ಮೊಗ್ಲಿಂಗ್ ಪ್ರಯೋಗಕ್ಕೆ ಸಿಕ್ಕ ದೊಡ್ಡ ಫಲ ಆನಂದರಾವ್ ಕೌಂಡಿನ್ಯ. 1844ರಲ್ಲಿ ದೀಕ್ಷಾಸ್ನಾನ ಪಡೆದ ಈ ಬ್ರಾಹ್ಮಣ ಯುವಕನನ್ನು ಮೊಗ್ಲಿಂಗ್ 1846ರಲ್ಲಿ ಬಾಸೆಲಿಗೆ ಕರೆದೊಯ್ದರು. ಅಲ್ಲಿ ಐದು ವರ್ಷ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು, ಯುರೋಪಿಯನರಿಗೆ ಸರಿಸಮನಾದ ಮಿಷನರಿಯಾಗಿ ಅವರು ಮರಳಿದರು. ಗುಳೇದಗುಡ್ಡ ಸ್ಟೇಷನ್ ತೆರೆದದ್ದೂ ಅದೇ ವರ್ಷ. ಕೌಂಡಿನ್ಯರು ನಡೆದ ದಾರಿ ಎಲ್ಲರಿಗೂ ತೆರೆದದ್ದಾಗಿದ್ದರೆ ಮುಂದಿನ ಇತಿಹಾಸ ಬೇರೆಯಾಗುತ್ತಿತ್ತು. ಕೌಂಡಿನ್ಯರ ಪದವಿ ಅಪವಾದವಾಗಿಯೇ ಉಳಿಯಿತು.

ಅದಕ್ಕೆ ಕಾರಣ ಬಾಸೆಲಿನ ಆಡಳಿತ ಹಿಡಿದ ಹಾದಿ. ಮಿಷನ್ನಿನ ಇನ್ಸ್‌ಪೆಕ್ಟರ್, ಅಂದರೆ ಮುಖ್ಯಸ್ಥ, ಜೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಭಾರತದ ಸ್ಟೇಷನ್ನುಗಳನ್ನು ಸುತ್ತಿದರು. ಹಣ, ನೇಮಕ, ವರ್ಗಾವಣೆ ಎಲ್ಲಕ್ಕೂ ನಿಯಮ ಬಿಗಿಯಾಯಿತು; ಸ್ಟೇಷನ್ ಮತ್ತು ಜಿಲ್ಲಾ ಮಟ್ಟದ ಸಮಾಲೋಚನೆ ನಡೆದರೂ ಕೊನೆಯ ಮಾತು ಬಾಸೆಲಿನದು. ಅಲ್ಲಿನ ಅಪ್ಪಣೆಗೆ ಮಿಷನರಿಗಳೇ ಕಾಯುತ್ತಿದ್ದರೆಂದ ಮೇಲೆ ಉಪದೇಶಿಗಳ ಪಾಡು ಹೇಳಬೇಕಿಲ್ಲ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ವೆನ್, ಸ್ಥಳೀಯ ಸಭೆ ತನ್ನ ಖರ್ಚು ತಾನೇ ಹೊತ್ತು, ತನ್ನ ಆಡಳಿತ ತಾನೇ ನಡೆಸಿ, ತಾನೇ ಬೆಳೆಯಬೇಕು, ಮಿಷನ್ ಜಾಗ ಖಾಲಿಮಾಡಿ ಮುಂದೆ ಹೋಗಬೇಕು ಎಂದು ವಾದಿಸುತ್ತಿದ್ದರು. ವೆನ್ ಮಾತು ಅವರ ಸೊಸೈಟಿಯಲ್ಲೇ ಪೂರ್ತಿ ಜಾರಿಯಾಗಲಿಲ್ಲ. ಗುಳೇದಗುಡ್ಡಕ್ಕೆ ಅದು ತಲುಪಲು ಇನ್ನೆಷ್ಟೋ ಕಾಲ ಬೇಕಿತ್ತು.

ನಡುವೆ 1876ರಿಂದ 78ರವರೆಗಿನ ಭೀಕರ ಬರ ಬಂತು. ಗುಳೇದಗುಡ್ಡ ಸೇರಿದ್ದ ಆಗಿನ ಕಲಾದಗಿ ಜಿಲ್ಲೆ ನಲುಗಿದ ಬಗೆ ಜನಗಣತಿಯಲ್ಲೇ ಕಾಣುತ್ತದೆ: 1872ರಿಂದ 1881ರೊಳಗೆ ಜನಸಂಖ್ಯೆಯ ಐದನೇ ಒಂದು ಪಾಲು ಇಲ್ಲವಾಗಿತ್ತು. ಬಟ್ಟೆ ಕೊಳ್ಳುವವರಿಲ್ಲದೆ ಮಗ್ಗ ನಿಂತ ನೇಕಾರರು, ತಂದೆತಾಯಿ ಸತ್ತ ಮಕ್ಕಳು ಮಿಷನ್ನಿನ ಆಸರೆಗೆ ಬಂದರು. ಸಭೆ ಬೆಳೆಯಿತು, ಅದರೊಂದಿಗೆ ಅವಲಂಬನೆಯೂ ಬೆಳೆಯಿತು. ಅನ್ನ, ಶಾಲೆ, ಉದ್ಯೋಗ, ಶಿಸ್ತು ಎಲ್ಲ ಒಂದೇ ಕೈಯಿಂದ ಬರುವಾಗ ಆ ಕೈಯೆದುರು ಹಿರಿಯನೊಬ್ಬ ಬೇರೆ ಅಭಿಪ್ರಾಯ ಹೇಳುವುದು ಸುಲಭವಲ್ಲ. ಮಂಗಳೂರು, ಕಣ್ಣೂರು, ಕಲ್ಲಿಕೋಟೆಗಳಲ್ಲಿ ಮಿಷನ್ನೇ ನಡೆಸುತ್ತಿದ್ದ ಹೆಂಚು ಮತ್ತು ನೇಯ್ಗೆ ಕಾರ್ಖಾನೆಗಳಲ್ಲಂತೂ ಈ ತೊಡಕು ಇನ್ನೂ ಹೆಚ್ಚಿತ್ತು.

ಆದರೂ ಅಧಿಕಾರದ ಒಂದು ಸಣ್ಣ ತುಣುಕು ಸಭೆಯ ಕೈಯಲ್ಲಿತ್ತು. ಬಾಸೆಲಿನ ಸಭಾಕ್ರಮದಲ್ಲಿ ಹಿರಿಯರಿಗೆ ಸ್ಥಾನವಿತ್ತು. ಸಾಲದ ಜಗಳ, ಕುಡಿತ, ಸಭೆಯ ಹೊರಗಿನ ಮದುವೆ, ಬಿಟ್ಟುಬಂದ ಆಚರಣೆಗೆ ಮರಳುವುದು, ಇವೆಲ್ಲ ಮೊದಲು ಹಿರಿಯರೆದುರು ಬರುತ್ತಿದ್ದವು. ಯಾರ ಮಾತು ನಂಬಬೇಕು, ಯಾವ ಮನೆಯ ಸಿಟ್ಟು ಎಷ್ಟು ದಿನದ್ದು ಎಂಬ ತಿಳಿವಳಿಕೆ ಅವರಿಗಿತ್ತು, ಹೊರಗಿನಿಂದ ಬಂದ ಮಿಷನರಿಗಿರಲಿಲ್ಲ. ಪಂಚರ ಕಟ್ಟೆಯ ರೂಢಿಯಿದ್ದ ಊರುಗಳಲ್ಲಿ ಈ ವ್ಯವಸ್ಥೆ ಸಲೀಸಾಗಿ ಬೇರೂರಿದ್ದು ಸಹಜವೇ. ಹೆಂಗಸರ ನಡುವೆ ಬೋಧನೆಯ ಕೆಲಸ ಹೊತ್ತವರು ಬೈಬಲ್ ಹೆಂಗಸರು. ಗಂಡಸರು ಕಾಲಿಡಲಾಗದ ಒಳಮನೆಗಳಿಗೆ ಹೋಗಿ ಓದಿ ಹೇಳುತ್ತಿದ್ದರು. ವರದಿಗಳಲ್ಲಿ ಅವರ ಹೆಸರಿಗಿಂತ ಎಣಿಕೆಯೇ ಹೆಚ್ಚು.

ಉಪದೇಶಿ ಪರಂಪರೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಉತ್ತಂಗಿ ಚನ್ನಪ್ಪನವರೇ ಸಾಕ್ಷಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯಲ್ಲಿ ಓದಿ, ಹುಬ್ಬಳ್ಳಿ, ಗದಗ ಕಡೆ ಸಭೆಯ ಸೇವೆಯಲ್ಲಿದ್ದ ಉತ್ತಂಗಿಯವರು ಊರೂರು ತಿರುಗುವ ಕೆಲಸವನ್ನೇ ಸಂಶೋಧನೆಯಾಗಿಸಿದರು. ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ, ಹಸ್ತಪ್ರತಿಗಳೊಂದಿಗೆ ಹೋಲಿಸಿ, 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟಿಸಿದರು. ವಚನ ಸಾಹಿತ್ಯದಲ್ಲಿ ಅವರಿಗಿದ್ದ ಪಾಂಡಿತ್ಯವನ್ನು ವೀರಶೈವ ವಿದ್ವಾಂಸರೂ ಒಪ್ಪಿದ್ದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸೆಮಿನರಿ ಒಬ್ಬ ಸಹಾಯಕನನ್ನು ತಯಾರಿಸಲು ಹೊರಟಿತ್ತು. ಹೊರಬಂದದ್ದು ಕನ್ನಡ ನಾಡಿಗೇ ಹಿರಿಯನಾಗಬಲ್ಲ ವಿದ್ವಾಂಸ. ಮಿಷನ್ನಿನ ಅಳತೆಗೋಲು ಎಷ್ಟು ಚಿಕ್ಕದಿತ್ತೆಂದು ಇದರಿಂದಲೇ ಅಂದಾಜು ಮಾಡಬಹುದು.

ಭಾರತೀಯರ ಕೈಗೆ ಅಧಿಕಾರ ಕೊಡುವ ಹೆಜ್ಜೆಯನ್ನು ಬೇರೆಡೆ ಆಗಲೇ ಇಡಲಾಗಿತ್ತು: ಆಂಗ್ಲಿಕನ್ ಸಭೆ 1912ರಲ್ಲಿ ವಿ.ಎಸ್. ಅಜರಯ್ಯ ಅವರನ್ನು ದೋರ್ಣಕಲ್ಲಿನ ಬಿಷಪ್ ಆಗಿ ನೇಮಿಸಿತು. ಆ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯರು ಅವರು. ಬಾಸೆಲ್ ಸಭೆಗಳಲ್ಲಿ ಬದಲಾವಣೆ ತಂದದ್ದು ಯಾವ ತೀರ್ಮಾನವೂ ಅಲ್ಲ, ಮಹಾಯುದ್ಧ. 1914ರಲ್ಲಿ ಯುದ್ಧ ಶುರುವಾದೊಡನೆ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರಕ್ಕೆ ಶತ್ರುದೇಶದವರಾದರು. ಅವರಲ್ಲಿ ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು, 1915–16ರಲ್ಲಿ ‘ಗೋಲ್ಕೊಂಡ’ ಹಡಗಿನಲ್ಲಿ ವಾಪಸು ಕಳುಹಿಸಲಾಯಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಮುಂದೆ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಉತ್ತರ ಕರ್ನಾಟಕದ ಸ್ಟೇಷನ್ನುಗಳ ಮೇಲ್ವಿಚಾರಣೆಗೆ ಉಳಿದವರು ಬೆರಳೆಣಿಕೆಯ ಸ್ವಿಸ್ ಮಿಷನರಿಗಳು. ಬಾಸೆಲಿನಿಂದ ಹಣ ಬರುತ್ತಿದ್ದ ದಾರಿ ಮುಚ್ಚಿತ್ತು.

ಆಗ ಸಭೆ ನಿಂತದ್ದು ಸ್ಥಳೀಯ ಪಾಸ್ಟರ್ (ಸಭಾಪಾಲಕ), ಉಪದೇಶಿ, ಹಿರಿಯರ ಬಲದಿಂದ. ಭಾನುವಾರದ ಆರಾಧನೆ, ಶಾಲೆ, ಲೆಕ್ಕಪತ್ರ, ಬಡವರ ನಿಧಿ ಯಾವುದನ್ನೂ ಮುಂದೂಡುವಂತಿರಲಿಲ್ಲ. ಇವರಿನ್ನೂ ಪಕ್ವವಾಗಿಲ್ಲ ಎಂದು ಎರಡು ತಲೆಮಾರು ಹೇಳಿಕೊಂಡು ಬಂದಿದ್ದ ನೆಪಕ್ಕೆ ಆ ವರ್ಷಗಳ ನಂತರ ಹುರುಳು ಉಳಿಯಲಿಲ್ಲ. 1920ರ ದಶಕದ ಕೊನೆಗೆ ಬಾಸೆಲ್ ಮಿಷನರಿಗಳು ಮರಳಿದಾಗ ಹಳೆಯ ಸಂಬಂಧವನ್ನೇ ಮುಂದುವರಿಸುವುದು ಆಗದ ಮಾತು. ಚುನಾಯಿತ ಸದಸ್ಯರ ಸಭಾ ಮಂಡಲಿಗಳು ಬಂದವು, ಸಭೆಗೆ ತನ್ನದೇ ಸಂವಿಧಾನ ಬಂತು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳು ಮತ್ತೆ ಬಂಧಿತರಾದರು. ಈ ಸಲ ಸಭೆಗಳು ತಬ್ಬಿಬ್ಬಾಗಲಿಲ್ಲ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಉದ್ಘಾಟನೆಯಾಯಿತು. ಮುಂಬಯಿ-ಕರ್ನಾಟಕದ ಬಾಸೆಲ್ ಸಭೆಗಳು ಆಗ ಅದರಲ್ಲಿ ಸೇರದೆ ಕೆಲವು ವರ್ಷಗಳ ನಂತರ ಸೇರಿದವು. ಹಿರಿಯರ ಆಡಳಿತಕ್ಕೆ ಒಗ್ಗಿದ್ದ ಸಭೆಗಳಿಗೆ ಬಿಷಪ್ ಪದ್ಧತಿ ಹೊಸದು, ಅವಸರಪಡದಿದ್ದುದು ಆಶ್ಚರ್ಯವೇನಲ್ಲ. 1970ರಲ್ಲಿ ಧಾರವಾಡವನ್ನು ಕೇಂದ್ರವಾಗಿಟ್ಟು ಕರ್ನಾಟಕ ಉತ್ತರ ಡಯಾಸಿಸ್ (ಬಿಷಪ್ಪರ ಆಡಳಿತ ವಲಯ) ರಚನೆಯಾಯಿತು. ಅದಕ್ಕೂ ಮೊದಲೇ, 1965ರಲ್ಲಿ, ಬಲ್ಮಠದ ಹಳೆಯ ಸೆಮಿನರಿಯ ನೆಲೆಯಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಶುರುವಾಗಿತ್ತು.

ಈಗ ಸಭಾಪಾಲಕರ ನೇಮಕ, ವರ್ಗಾವಣೆ ಡಯಾಸಿಸ್ ಕೈಯಲ್ಲಿದೆ. ಸಭೆಯ ಹಣಕಾಸು, ಕಟ್ಟಡಗಳ ನಿಗಾ, ಸುಗ್ಗಿಹಬ್ಬದ ಕಾಣಿಕೆಗಳ ಹರಾಜು, ಸಂಡೇ ಸ್ಕೂಲ್, ಮಹಿಳಾ ಸಂಘ, ಯುವಜನ ಸಂಘ ಇವನ್ನೆಲ್ಲ ಸಭೆಯವರೇ ಆರಿಸಿದ ಸಮಿತಿ ನೋಡಿಕೊಳ್ಳುತ್ತದೆ. ಒಬ್ಬ ಪಾಲಕರಿಗೆ ಹಲವು ಹಳ್ಳಿಗಳ ಸಭೆಗಳಿದ್ದ ಕಡೆ, ಅವರು ಬರಲಾಗದ ಭಾನುವಾರ ಹಿರಿಯರೊಬ್ಬರು ಆರಾಧನೆ ನಡೆಸುತ್ತಾರೆ. ಕರ್ತನ ಭೋಜನ ಮಾತ್ರ ಪಾಲಕರು ಬರುವ ದಿನಕ್ಕೆ.