ಧಾರವಾಡದ ಮುಳ್ಳು, ಸಾಂಗಲಿಯ ಮುಳ್ಳು

ರೇಡಿಯೋ 'ಹಚ್ಚುವುದು' ನಮ್ಮ ಕಡೆಯ ಮಾತು. ದೀಪ ಹಚ್ಚುತ್ತೇವೆ, ಒಲೆ ಹಚ್ಚುತ್ತೇವೆ, ಹಾಗೆಯೇ ರೇಡಿಯೋನೂ ಹಚ್ಚುತ್ತೇವೆ. ಬೆಂಗಳೂರು ಕಡೆಯವರು ರೇಡಿಯೋ 'ಹಾಕುತ್ತಾರೆ'. ಆ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ಹಳೆಯ ವಾಲ್ವಿನ ರೇಡಿಯೋ ಕಂಡವರಿಗೆ 'ಹಚ್ಚುವುದು' ಎಂಬ ಮಾತು ಎಷ್ಟು ಸರಿ ಎಂಬುದು ಗೊತ್ತು. ಗುಂಡಿ ತಿರುವಿದ ಕೂಡಲೆ ಅದು ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಕಾಯಬೇಕು, ಕೆಂಪಗಾಗಬೇಕು, ಆಮೇಲೆ ಎಲ್ಲೋ ದೂರದಿಂದ ಬಂದಂತೆ ದನಿ ಏಳಬೇಕು. ಥೇಟ್ ಹಸಿ ಕಟ್ಟಿಗೆಯ ಒಲೆಯಂತೆ!

ನಮ್ಮ ಅಂಕಲಿ ಕೃಷ್ಣಾ ನದಿಯ ದಂಡೆಯ ಊರು, ಚಿಕ್ಕೋಡಿ ತಾಲೂಕಿನದು. ಲಗ್ನದ ಜವಳಿಗೆ, ದವಾಖಾನೆಗೆ, ಪೇಟೆಗೆ ನಾವು ಮಿರಜ, ಸಾಂಗಲಿಗೆ ಹೋಗುವವರು. ಶಾಲೆಯ ಪಾಠ, ಸರಕಾರದ ಕಾಗದ ಎಲ್ಲ ಕನ್ನಡದವು. ನಮ್ಮೂರಿನ ಶಿತೋಳೆ ಸರದಾರರ ಮನೆತನದ ಕುದುರೆಗಳು ವರ್ಷ ವರ್ಷ ಆಳಂದಿಗೆ ಹೋಗಿ ಜ್ಞಾನೇಶ್ವರರ ಪಾಲಖಿಯ ಜೊತೆಗೆ ಪಂಢರಪುರದವರೆಗೆ ನಡೆಯುತ್ತವೆ. ಇಂಥ ಊರಿನಲ್ಲಿ ಯಾರ ಮನೆಯ ಮಾತು ಯಾವುದು ಎಂದು ಕೇಳಿದರೆ ಥಟ್ಟನೆ ಉತ್ತರ ಸಿಗುವುದಿಲ್ಲ. ಅಡಿಗೆಮನೆಯಲ್ಲಿ ಒಂದು, ಪಡಸಾಲೆಯಲ್ಲಿ ಇನ್ನೊಂದು. ನಮ್ಮ ರೇಡಿಯೋ ಕೂಡ ಹಾಗೆಯೇ ಇತ್ತು. ಅದರ ಕೆಂಪು ಮುಳ್ಳು ಒಂದು ಮಗ್ಗಲಿಗೆ ನಿಂತರೆ ಧಾರವಾಡ, ಇನ್ನೊಂದು ಮಗ್ಗಲಿಗೆ ನಿಂತರೆ ಸಾಂಗಲಿ.

ಈ ಎರಡು ಕೇಂದ್ರಗಳಲ್ಲಿ ಹಿರಿಯದು ಧಾರವಾಡ. ಅದು ಆರಂಭವಾದದ್ದು 1950ರ ಜನವರಿ 8ರಂದು. ಆಗ ಕರ್ನಾಟಕ ಒಂದಾಗಿರಲಿಲ್ಲ, ಧಾರವಾಡವೂ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನಕಾಶೆಯಲ್ಲಿ ಏಕೀಕರಣವಾದದ್ದು 1956ರ ನವೆಂಬರ್ 1ಕ್ಕೆ. ಅದಕ್ಕೂ ಆರೇಳು ವರ್ಷ ಮೊದಲೇ ಈ ಭಾಗದ ಕನ್ನಡಕ್ಕೆ ಧಾರವಾಡದಲ್ಲಿ ಒಂದು ದನಿ ಸಿಕ್ಕಿತ್ತು ಎಂಬುದು ಸಣ್ಣ ಸಂಗತಿಯಲ್ಲ. ಬೇಂದ್ರೆಯವರು ಆ ಕೇಂದ್ರಕ್ಕೆ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತದ ಸಲಹೆಗಾರರಾಗಿದ್ದರು. ಎನ್ಕೆ ಎಂದೇ ಹೆಸರಾದ ಎನ್.ಕೆ. ಕುಲಕರ್ಣಿಯವರು ಅಲ್ಲಿ ಕೆಲಸ ಮಾಡಿದರು. ಸಾಂಗಲಿ ಕೇಂದ್ರ ಬಂದದ್ದು 1963ರಲ್ಲಿ. ನಮ್ಮ ಮನೆಗೆ ರೇಡಿಯೋ ಬಂದದ್ದು ಅದರ ಮರುವರ್ಷ.

'ತರಂಗಾಂತರ ಇಷ್ಟು ಮೀಟರ್, ಅಂದರೆ ಇಷ್ಟು ಕಿಲೋಹರ್ಟ್ಸ್' ಎಂದು ನಿವೇದಕರು ದಿನಾ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ನಮ್ಮಲ್ಲಿ ಬಹಳ ಮಂದಿ ಅದನ್ನು ಮಂತ್ರದಂತೆ ಕೇಳಿ ಬಿಟ್ಟವರು. ಅದರ ಲೆಕ್ಕ ಬಹಳ ಸುಲಭ. ರೇಡಿಯೋದ ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. 3 ಲಕ್ಷವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಮುಂದೆ ಅನೇಕ ವರ್ಷ ಧಾರವಾಡ 765ರಲ್ಲಿತ್ತು. ಭಾಗಿಸಿ ನೋಡಿ, 392 ಮೀಟರ್ ಸಿಗುತ್ತದೆ. ಸಾಂಗಲಿ 1251ರಲ್ಲಿತ್ತು, ಅಂದರೆ ಸುಮಾರು 240 ಮೀಟರ್. ಹಗಲು ಹತ್ತಿರದ ಕೇಂದ್ರಗಳಷ್ಟೇ ಕೇಳುತ್ತಿದ್ದವು. ಕತ್ತಲಾದ ಮೇಲೆ ಆಕಾಶದ ಮೇಲಿನ ಒಂದು ಪದರು ಅಲೆಗಳನ್ನು ತಿರುಗಿ ನೆಲಕ್ಕೆ ಕಳಿಸುತ್ತದೆ. ಹಗಲಿನಲ್ಲಿ ಆ ಅಲೆಗಳನ್ನು ನುಂಗುವ ಕೆಳಗಿನ ಪದರು ರಾತ್ರಿ ಇರುವುದಿಲ್ಲ. ಅದಕ್ಕೇ ರಾತ್ರಿಯಾದರೆ ಗುರುತಿಲ್ಲದ ಊರುಗಳೆಲ್ಲ ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದವು.

ನಮ್ಮ ಮನೆಯ ರೇಡಿಯೋ ಇದ್ದದ್ದು ಆ ಪಡಸಾಲೆಯಲ್ಲೇ, ಎತ್ತರದ ಹಲಗೆಯ ಮೇಲೆ, ಆಯಿ ಹೆಣೆದ ಕ್ರೋಶಾದ ಮುಸುಕು ಹೊದ್ದುಕೊಂಡು. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಪುಸ್ತಕದಲ್ಲಿ ಗುರುತು ಮಾಡಿಸಬೇಕಿತ್ತು. ಎಂಬತ್ತರ ದಶಕದಲ್ಲಿ ಆ ಪದ್ಧತಿ ಹೋಯಿತು. ನಮ್ಮ ಲೈಸೆನ್ಸು ಅಜ್ಜನ ಹೆಸರಿನಲ್ಲಿತ್ತು. ರೇಡಿಯೋ ಹಚ್ಚುವ ಅಧಿಕಾರವೂ ಅವರದೇ. ಮನೆಯ ಹೆಂಗಸರು ನಡುಮನೆಯ ಬಾಗಿಲ ಮರೆಗೆ ಕೂತು ಅಕ್ಕಿ ಆರಿಸುತ್ತ, ಶೇಂಗಾ ಸುಲಿಯುತ್ತ ಕೇಳಬೇಕು. "ಬಾತಮಿ ಆಗ್ಯಾವನು ನೋಡವಾ" ಎಂದು ಅವ್ವ ನನ್ನನ್ನು ಹೊರಗೆ ಕಳಿಸುತ್ತಿದ್ದಳು. ಅಜ್ಜ ಬಾತಮಿ ಕೇಳಿ ಎದ್ದು ಹೋದ ಮೇಲೆ ಏನಾದರೂ ಹಾಡು ಬರುತ್ತದೋ ಎಂಬ ಆಸೆ ಅವಳಿಗೆ.

ರೇಡಿಯೋ ಎಂದರೆ ದೇವರು ಎಂಬಂತೆ ಇದ್ದ ಕಾಲವೂ ಒಂದಿತ್ತು. ಪುಣೆ ಕೇಂದ್ರದಿಂದ 1955ರ ಏಪ್ರಿಲ್‌ನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ವಾರಕ್ಕೊಂದರಂತೆ 'ಗೀತ ರಾಮಾಯಣ' ಬಂತು. ಗ.ದಿ. ಮಾಡಗೂಳಕರರು ಬರೆದ 56 ಹಾಡು, ಸುಧೀರ ಫಡಕೆಯವರ ಸಂಗೀತ. ನಾನು ಅದನ್ನು ಅವ್ವನ ಬಾಯಲ್ಲಿ ಕೇಳಿದವಳು. ಊರಿನ ಒಂದು ದೊಡ್ಡ ಮನೆಯಲ್ಲಿ ಬ್ಯಾಟರಿಯ ಮೇಲೆ ನಡೆಯುವ ಸೆಟ್ ಇತ್ತಂತೆ. ಹೆಂಗಸರು ಮಿಂದು, ಕುಂಕುಮ ಹಚ್ಚಿಕೊಂಡು ಅಲ್ಲಿಗೆ ಹೋಗಿ ಕೂಡುತ್ತಿದ್ದರಂತೆ. ಅವರಲ್ಲಿ ಅರ್ಧ ಮಂದಿ ಕನ್ನಡದವರು, ಅರ್ಧ ಮಂದಿ ಮರಾಠಿಯವರು. ಸೀತೆ ಕಾಡಿಗೆ ಹೊರಟಾಗ ಅತ್ತದ್ದು ಮಾತ್ರ ಎಲ್ಲರೂ.

ಇಷ್ಟು ಭಕ್ತಿಯಿಂದ ನಾವು ಕೇಳುತ್ತಿದ್ದ ಈ ರೇಡಿಯೋ ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂಬ ಕಥೆ ನನಗೆ ತಿಳಿದದ್ದು ಬಹಳ ತಡವಾಗಿ. ಮೊದಲು ಹೊರಗೆ ನಿಂತದ್ದು ಹಾರ್ಮೋನಿಯಂ, ನಮ್ಮ ಕಡೆಯ ಮಾತಿನಲ್ಲಿ ಪೇಟಿ. ಭಜನೆಗೆ, ಬಯಲಾಟಕ್ಕೆ, ಕಂಪನಿ ನಾಟಕಕ್ಕೆ ಪೇಟಿಯಿಲ್ಲದೆ ನಡೆಯದು. ಆದರೆ ಅದು ಪರದೇಶದ ವಾದ್ಯ, ನಮ್ಮ ಸಂಗೀತದ ಸೂಕ್ಷ್ಮ ಸ್ವರ ಅದಕ್ಕೆ ಒಲಿಯದು ಎಂದು 1940ರಲ್ಲಿ ಆಕಾಶವಾಣಿಯಿಂದ ಅದನ್ನು ತೆಗೆದರು. ರವೀಂದ್ರನಾಥ ಠಾಕೂರರೂ ಅದಕ್ಕೆ ಒಪ್ಪಿಗೆ ಸೂಚಿಸಿದ್ದರು. ಮತ್ತೆ ಅದು ಒಳಗೆ ಕಾಲಿಟ್ಟದ್ದು ಮೂವತ್ತು ವರ್ಷ ಕಳೆದ ಮೇಲೆ. ಸ್ವಾರಸ್ಯವೆಂದರೆ, ದಿನಾ ಬೆಳಗ್ಗೆ ನಾವು ಕೇಳುತ್ತಿದ್ದ ಆಕಾಶವಾಣಿಯ ಆ ಮುದ್ರಾ ಸಂಗೀತವನ್ನು ಕಟ್ಟಿದವರೇ ಒಬ್ಬ ಪರದೇಶದವರು. ಅವರು ವಾಲ್ಟರ್ ಕೌಫ್‌ಮನ್, ಯುರೋಪಿನಿಂದ 1934ರಲ್ಲಿ ಮುಂಬಯಿಗೆ ಬಂದು ಆಶ್ರಯ ಪಡೆದ ಯಹೂದಿ. ಶಿವರಂಜನಿ ರಾಗದ ಛಾಯೆಯ ಆ ರಾಗಿಣಿಯನ್ನು ನಮ್ಮ ಆಯಿ 'ರೇಡಿಯೋದ ಭೂಪಾಳಿ' ಎನ್ನುತ್ತಿದ್ದಳು. ಬೆಳಗ್ಗೆ ದೇವರನ್ನು ಎಬ್ಬಿಸುವ ಹಾಡಿಗೆ ನಮ್ಮಲ್ಲಿ ಭೂಪಾಳಿ ಎನ್ನುತ್ತಾರೆ.

ಆಮೇಲೆ ಹೊರಗೆ ನಿಂತದ್ದು ಸಿನೆಮಾ ಹಾಡು. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಎಷ್ಟು ಪ್ರೀತಿಯೋ ಸಿನೆಮಾ ಹಾಡಿನ ಮೇಲೆ ಅಷ್ಟೇ ಸಿಟ್ಟು. ಆಕಾಶವಾಣಿ ಕೈಬಿಟ್ಟದ್ದನ್ನು ರೇಡಿಯೋ ಸಿಲೋನ್ ಎತ್ತಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ 'ಬಿನಾಕಾ ಗೀತಮಾಲಾ' ಆರಂಭವಾಯಿತು. ಬುಧವಾರ ರಾತ್ರಿ 8ಕ್ಕೆ ಅಮೀನ್ ಸಯಾನಿಯವರ ದನಿ ಕೇಳಲು ಇಡೀ ದೇಶ ಕಾದು ಕೂಡುತ್ತಿತ್ತು. ಮುಂಬಯಿಯಲ್ಲಿ ಧ್ವನಿಮುದ್ರಿಸಿ ಕೊಲಂಬೊಗೆ ಕಳಿಸಿ, ಅಲ್ಲಿಂದ ಮತ್ತೆ ನಮ್ಮ ಮನೆಗೇ ಬರುತ್ತಿದ್ದ ಹಾಡುಗಳು! ಕೊನೆಗೆ ಸರಕಾರವೇ ಸೋತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು.

ಪೇಟಿಯ ಮಾತು, ಸಿನೆಮಾ ಹಾಡಿನ ಮಾತು ಇವತ್ತು ನಗುತ್ತ ಹೇಳಬಹುದು. ಮೂರನೆಯದು ಹಾಗಲ್ಲ. 1946ರ ಸುಮಾರಿಗೆ ಪ್ರಸಾರ ಖಾತೆ ಸರದಾರ ಪಟೇಲರ ಕೈಯಲ್ಲಿದ್ದಾಗ, ಯಾರ ಖಾಸಗಿ ಬದುಕು ಲೋಕದ ಬಾಯಿಗೆ ಬಿದ್ದಿದೆಯೋ ಅಂಥವರಿಗೆ ರೇಡಿಯೋದಲ್ಲಿ ಹಾಡಲು ಅವಕಾಶವಿಲ್ಲ ಎಂಬ ಕಟ್ಟಳೆ ಬಂತು. ಮಾತು ಎಲ್ಲರಿಗೂ ಅನ್ವಯಿಸುವಂಥದು. ಆದರೆ ಏಟು ಬಿದ್ದದ್ದು ಹೆಂಗಸರ ಮೇಲೆ, ಅದರಲ್ಲೂ ಪೀಳಿಗೆಯಿಂದ ಪೀಳಿಗೆಗೆ ಸಂಗೀತವನ್ನು ಉಳಿಸಿಕೊಂಡು ಬಂದ ಗಣಿಕೆಯರ ಮನೆತನದ ಗಾಯಕಿಯರ ಮೇಲೆ. ರೇಡಿಯೋ ಮರ್ಯಾದಸ್ಥರ ಮನೆಯೊಳಗೆ ಹೋಗಬೇಕು, ಅದಕ್ಕಾಗಿ ಅದರೊಳಗಿನ ದನಿಗಳೂ ಮರ್ಯಾದಸ್ಥರದಾಗಿರಬೇಕು ಎಂಬುದು ವಿಚಾರ. ಆದರೆ ಮರ್ಯಾದಸ್ಥರ ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಹಾಡಲು ಕಳಿಸಿದರೇ?

ನನಗೆ ಒಬ್ಬಳು ಆತ್ಯಾ ಇದ್ದಳು, ಅಪ್ಪನ ತಂಗಿ. ಲಗ್ನವಾಗಿ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಂಗಳಕಾರ್ಯಗಳಲ್ಲಿ ಹಾಡಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಆದರೆ ಇಡೀ ಮನೆಯಲ್ಲಿ ಹಾಡಲು ಬರುತ್ತಿದ್ದುದು ಅವಳೊಬ್ಬಳಿಗೇ. ಬಾಗಿಲ ಮರೆಯಲ್ಲಿ ಕೂತು ರೇಡಿಯೋ ಕೇಳಿಯೇ ಅವಳು ಎಷ್ಟೋ ರಾಗಗಳ ಹೆಸರು ಕಲಿತಿದ್ದಳು. ಒಂದು ಶನಿವಾರ ರಾತ್ರಿ, 9.30ಕ್ಕೆ ಬರುತ್ತಿದ್ದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಘನವಾದ ದನಿಯೊಂದು ಕೇಳಿಬಂತು. ಅಜ್ಜ ತಲೆದೂಗುತ್ತ, "ಬುವಾ ಛಲೋ ಹಾಡ್ತಾರ್ರಿ" ಎಂದರು. ಬಾಗಿಲ ಮರೆಯಿಂದ ಆತ್ಯಾ ಹೇಳಿದಳು: "ಬುವಾ ಅಲ್ಲಪ್ಪಾ, ಗಂಗೂಬಾಯಿ."

ಗಂಗೂಬಾಯಿ ಹಾನಗಲ್ ಅವರ ದನಿ ಶಸ್ತ್ರಚಿಕಿತ್ಸೆಯಾದ ಮೇಲೆ ಹಾಗೆ ಗಡಸಾಗಿತ್ತು. ನಮ್ಮ ಪಕ್ಕದ ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಶಿಷ್ಯರು ಸವಾಯಿ ಗಂಧರ್ವರು, ಅವರ ಶಿಷ್ಯೆ ಗಂಗೂಬಾಯಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಸ್ವಾಗತ ಗೀತೆ ಹಾಡಿದಾಗ ಅವರು ಇನ್ನೂ ಹುಡುಗಿ. ಹಾಡಿದ ಮೇಲೆ ಎಲ್ಲಿ ಎಂಜಲೆಲೆ ಎತ್ತಲು ಹೇಳುತ್ತಾರೋ ಎಂದು ಅಂಜಿದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅಂಥ ಅಂಜಿಕೆಯಿಂದ ಹೊರಟು ದೇಶದ ಮನೆಮನೆಗೂ ದನಿಯಾಗಿ ಬಂದ ಹೆಣ್ಣುಮಗಳು ಅವರು. ರೇಡಿಯೋದ ದೊಡ್ಡ ಗುಣ ಇದೇ ಎಂದು ನನಗೆ ಅನಿಸುತ್ತದೆ. ಹಾಡುವವರ ಮುಖ, ಸೀರೆ, ಕುಲ ಯಾವುದೂ ಅಲ್ಲಿ ಕಾಣದು.

ಅದಾಗಿ ಕೆಲವು ದಿನಕ್ಕೆ ಆತ್ಯಾ ಧೈರ್ಯ ಮಾಡಿ ಕೇಳಿದಳು. "ಅಪ್ಪಾ, ಧಾರವಾಡದಾಗ ಪರೀಕ್ಷಾ ಮಾಡಿ ಹಾಡೋರ್ನ ತಗೋತಾರಂತ. ನಾ ಒಂದು ಅರ್ಜಿ ಹಾಕ್ಲೇನು?"

ಅಜ್ಜ ಸಿಟ್ಟಾಗಲಿಲ್ಲ. ಎಲೆಯಡಿಕೆಯ ಚಂಚಿ ತೆಗೆಯುತ್ತ ಹೇಳಿದರು: "ಯಾರ ಹೆಸರು ಹಾಕ್ತಿ? ನನ್ನ ಹೆಸರೋ, ನಿನ್ನ ಗಂಡನ ಮನೀ ಹೆಸರೋ? ಎರಡೂ ರೇಡಿಯೋದಾಗ ಬರೂದು ಬ್ಯಾಡವಾ."

ಅಷ್ಟೇ. ಅವಳು ಮತ್ತೆ ಕೇಳಲಿಲ್ಲ. ಆ ಹೊತ್ತಿಗೆ ಆಕಾಶವಾಣಿಯಲ್ಲಿ ಕಲಾವಿದರನ್ನು ಪರೀಕ್ಷಿಸಿ ಶ್ರೇಣಿ ಕೊಡುವ ವ್ಯವಸ್ಥೆ ಬಂದು ಹತ್ತು ವರ್ಷವೇ ಕಳೆದಿತ್ತು. ಬಾಗಿಲು ತೆರೆದಿತ್ತು, ಅರ್ಜಿ ಹಾಕಲು ಯಾರ ಶಿಫಾರಸೂ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದು ಹೆಸರು. ಅದು ಅವಳ ಬಳಿ ಇರಲಿಲ್ಲ. ಹಾಡುವವರ ಮನೆಯಲ್ಲಿ ಹುಟ್ಟಿದ ಹೆಂಗಸರಿಗೆ ಮರ್ಯಾದೆಯಿಲ್ಲ ಎಂದು ರೇಡಿಯೋ ಕದ ಮುಚ್ಚಿತು. ಮರ್ಯಾದೆಯ ಮನೆಯಲ್ಲಿ ಹುಟ್ಟಿದವಳಿಗೆ ಹಾಡು ಬೇಡವೆಂದು ಮನೆಯೇ ಕದ ಮುಚ್ಚಿತು. ಎರಡೂ ಕದಗಳಿಗೆ ಬೀಗ ಒಂದೇ.

ನಮ್ಮ ಮನೆಯಲ್ಲಿ ಏನಾದರೂ ಬದಲಾಗಿದ್ದರೆ ಅದು ಟ್ರಾನ್ಸಿಸ್ಟರ್ ಬಂದ ಮೇಲೆ. ಎಪ್ಪತ್ತರ ದಶಕದಲ್ಲಿ ಕಾಕಾ ಒಂದು ಸಣ್ಣ ಸೆಟ್ ತಂದರು. ಅದಕ್ಕೆ ಹಲಗೆ ಬೇಡ, ವೈರ್ ಬೇಡ. ಅದು ತಾನಾಗಿಯೇ ಅಡಿಗೆಮನೆಗೆ ಬಂದು ಉಪ್ಪಿನ ಭರಣಿಯ ಪಕ್ಕ ಕೂತಿತು. ಬೆಳಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆ ಬಂತೆಂದರೆ ಹಾಲು ಕಾಯಿಸುವ ಹೊತ್ತು. ಆ ವಾರ್ತೆ 1974ರ ಜೂನ್ 30ರಂದು ಆರಂಭವಾಯಿತು. ಒಂದಕ್ಷರವೂ ತಿಳಿಯದಿದ್ದರೂ ಅವ್ವ ಅದನ್ನು ತಪ್ಪಿಸುತ್ತಿರಲಿಲ್ಲ. ಬೆಂಗಳೂರಿನಿಂದ ನಾಗಮಣಿ ಎಸ್. ರಾವ್ ಅವರು ಪ್ರದೇಶ ಸಮಾಚಾರ ಓದುವುದು ಕೇಳಿದಾಗ ಆಯಿ, "ಹೆಣ್ಣುಮಗಳು ಎಷ್ಟ ಸ್ವಚ್ಛ ಓದ್ತಾಳ ನೋಡ" ಎಂದು ಬೆರಗಾಗುತ್ತಿದ್ದಳು. ಮುಳ್ಳು ತಿರುಗಿಸುವ ಕೈ ಈಗ ನಮ್ಮದಾಗಿತ್ತು. ಧಾರವಾಡದಲ್ಲಿ ವಚನ ಮುಗಿದರೆ ಸಾಂಗಲಿಗೆ, ಅಲ್ಲಿ ಅಭಂಗ ಮುಗಿದರೆ ಮತ್ತೆ ಧಾರವಾಡಕ್ಕೆ. ಗಡಿಯ ಬಗ್ಗೆ ಹೊರಗೆ ಎಷ್ಟೇ ಗದ್ದಲವಾಗಲಿ, ಒಲೆಯ ಮುಂದೆ ಅದು ಎರಡು ಬೆರಳಿನ ಅಂತರ. ಆತ್ಯಾ ರೊಟ್ಟಿ ಬಡಿಯುತ್ತ ಎರಡೂ ಕಡೆಯ ಹಾಡಿಗೆ ದನಿಗೂಡಿಸುತ್ತಿದ್ದಳು. ಅವಳ ಹಾಡು ಕೇಳಿದವರು ನಾವು ಐದಾರು ಮಂದಿ ಮಾತ್ರ.

'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ ಎಂಬುದು ಬಹಳ ಮಂದಿಗೆ ಗೊತ್ತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ, 30 ವಾಟ್‌ನ ಪ್ರೇಷಕ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಈಗಿನ ಲೆಕ್ಕದಲ್ಲಿ ಒಂದು ಮಂದ ಬಲ್ಬಿನಷ್ಟು ಶಕ್ತಿ! ಐವತ್ತರ ದಶಕದಲ್ಲಿ ಇಡೀ ದೇಶವೇ ಆ ಹೆಸರನ್ನು ತೆಗೆದುಕೊಂಡಿತು. 2023ರಲ್ಲಿ 'ಆಲ್ ಇಂಡಿಯಾ ರೇಡಿಯೋ' ಎಂಬುದನ್ನು ಬಿಟ್ಟು ಅದೊಂದೇ ಹೆಸರು ಬಳಸಬೇಕೆಂದು ಆದೇಶವಾಯಿತು. ಅಂದರೆ ಒಬ್ಬರ ಮನೆಯೊಳಗೆ ಹುಟ್ಟಿದ ಹೆಸರು ಇಂದು ಎಲ್ಲ ಮನೆಗಳದಾಗಿದೆ.

ಇದನ್ನೆಲ್ಲ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಸ್ಥಾಪಿಸಿದವರ ಹೆಸರಿದೆ, ಮಂತ್ರಿಗಳ ಹೆಸರಿದೆ, ಹಾಡಿದವರ ಹೆಸರಿದೆ. ಕೇಳಿದವರ ಹೆಸರು ಎಲ್ಲೂ ಇಲ್ಲ, ಹಾಡಬೇಕೆಂದಿದ್ದು ಹಾಡದೆ ಹೋದವರದಂತೂ ಇಲ್ಲವೇ ಇಲ್ಲ. ನಿಮ್ಮ ಮನೆಯಲ್ಲಿ ಹಿರಿಯ ಹೆಂಗಸರು ಇದ್ದರೆ, ಮಧ್ಯಾಹ್ನ ಬಿಡುವಾದಾಗ ಅವರ ಪಕ್ಕ ಕೂತು ಕೇಳಿ ನೋಡಿ. ರೇಡಿಯೋ ಯಾರ ಹೆಸರಿನಲ್ಲಿತ್ತು, ಎಲ್ಲಿ ಇಟ್ಟಿದ್ದರು, ಯಾರು ಹಚ್ಚುತ್ತಿದ್ದರು, ಇವರು ಎಲ್ಲಿ ಕೂತು ಕೇಳುತ್ತಿದ್ದರು ಎಂದು. ಆಮೇಲೆ, ಅವರಿಗೆ ಹಾಡಲು ಬರುತ್ತಿತ್ತೇ ಎಂಬುದನ್ನೂ ಕೇಳಿ.